ಅಂಗನವಾಡಿಯೋ, ಪಟ್ಟಣದ ನರ್ಸರಿಯೋ? ತಿಳಿದವರು ಹೇಳಿ

ಡೋಣಿದಂಡೆ, ತಾಳಿಕೋಟೆ
ಎಲ್ಲರಿಗೂ ನಮಸ್ಕಾರ. ನಮ್ಮದು ತಾಳಿಕೋಟೆ ಹತ್ತಿರದ ಹಳ್ಳಿ. ಬಿಎ ಮುಗಿಸಿದ್ದೇನೆ, ವಯಸ್ಸು 27, ಮೂರು ವರ್ಷದ ಮಗಳಿದ್ದಾಳೆ. ನಮ್ಮ ಓಣಿಯ ಅಂಗನವಾಡಿ ಅಕ್ಕಾವರು ಬರುವ ವರ್ಷ ನಿವೃತ್ತರಾಗುತ್ತಾರೆ. ಅರ್ಜಿ ಕರೆದರೆ ಹಾಕು ಎಂದು ಅವರೇ ಹೇಳುತ್ತಿದ್ದಾರೆ. ಇತ್ತ ವಿಜಯಪುರದಲ್ಲಿರುವ ನನ್ನ ಅಕ್ಕ ಒಂದು ಇಂಗ್ಲಿಷ್ ಮಾಧ್ಯಮದ ನರ್ಸರಿಯಲ್ಲಿ ಮಾತನಾಡಿ ಇಟ್ಟಿದ್ದಾಳೆ. ತಿಂಗಳಿಗೆ ಏಳು ಸಾವಿರ ಕೊಡುತ್ತಾರಂತೆ, ಮಗಳ ಶುಲ್ಕದಲ್ಲಿ ರಿಯಾಯಿತಿಯೂ ಇದೆಯಂತೆ. ಯಜಮಾನರು "ನಿನಗೆ ತಿಳಿದಂತೆ ಮಾಡು" ಎನ್ನುತ್ತಾರೆ. ಅತ್ತೆಯವರದು ಮಾತ್ರ ಒಂದೇ ಮಾತು: "ಕೂಸುಗಳ ಮೂಗು ಒರೆಸುವುದಕ್ಕೆ ಬಿಎ ಓದಬೇಕಿತ್ತೇನು?"

ಸಂಬಳ ನಿಜಕ್ಕೂ ಎಷ್ಟು, ತರಬೇತಿ ಏನು ಕೊಡುತ್ತಾರೆ, ಹತ್ತು ವರ್ಷ ಕಳೆದ ಮೇಲೂ ಅಲ್ಲೇ ಇರಬೇಕೋ ಮೇಲಕ್ಕೆ ಹೋಗುವ ದಾರಿ ಇದೆಯೋ? ಈ ಕೆಲಸದಲ್ಲಿರುವವರು ಹೇಳಿದರೆ ಉಪಕಾರವಾಗುತ್ತದೆ.

ಗುಮ್ಮಟನಗರಿ, ವಿಜಯಪುರ
ಇದರಲ್ಲಿ ಯೋಚಿಸುವುದೇನಿದೆ ತಂಗಿ? ಸರ್ಕಾರಿ ಕೆಲಸ, ಮನೆಯ ಮುಂದೆಯೇ ಬಂದಿದೆ. ಒಂಬತ್ತೂವರೆಗೆ ಬಾಗಿಲು ತೆರೆದು ಒಂದಿಷ್ಟು ಹಾಡು ಹೇಳಿಸಿ, ಅನ್ನ ಸಾರು ಹಾಕಿ, ನಾಲ್ಕು ಗಂಟೆಗೆ ಮನೆಗೆ ಬಂದರಾಯಿತು. ಮಗಳೂ ಕಣ್ಣ ಮುಂದೆಯೇ ಇರುತ್ತಾಳೆ. ಏಳು ಸಾವಿರಕ್ಕೆ ದಿನಾ ಬಸ್ಸಿನಲ್ಲಿ ಜೋತು ಬೀಳುವ ಗೋಜು ಏಕೆ?

ಹುನಗುಂದದ ಅಕ್ಕಾವರು
ಅಣ್ಣಾ, ನಿಮ್ಮ ಮನೆಯವರನ್ನು ಒಂದು ವಾರ ನಮ್ಮ ಕೇಂದ್ರಕ್ಕೆ ಕಳಿಸಿಕೊಡಿ, ಹಾಡು ಎಷ್ಟು ಹೇಳಿಸುತ್ತೇವೆ ನೋಡಲಿ.

ಮೊದಲು ಒಂದು ಮಾತು ತಿಳಿಯಿರಿ. ಇದು ಸರ್ಕಾರಿ ಕೆಲಸವಲ್ಲ. ನಮಗೆ ಬರುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250. ಈ ಮೊತ್ತ 2018ರಿಂದ ಕದಲಿಲ್ಲ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. 2025ರ ಬಜೆಟ್ಟಿನಲ್ಲಿ ನಮಗೆ ಸಾವಿರ, ಸಹಾಯಕಿಯರಿಗೆ 750 ಹೆಚ್ಚಿಸಿದರು. ಈಗ ಕೈಗೆ ಬರುವುದು ಹನ್ನೆರಡು ಸಾವಿರದ ಆಸುಪಾಸು, ಸೇವೆಯ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. 2023ರ ಚುನಾವಣೆಯಲ್ಲಿ ಹದಿನೈದು ಸಾವಿರದ ಮಾತು ಕೊಟ್ಟಿದ್ದರು. ಅದನ್ನು ನೆನಪಿಸುವುದಕ್ಕೆ ಪ್ರತಿ ಚಳಿಗಾಲದ ಅಧಿವೇಶನಕ್ಕೂ ಬೆಳಗಾವಿಗೆ ಹೋಗಿ ಸುವರ್ಣ ವಿಧಾನಸೌಧದ ಹತ್ತಿರದ ಬಯಲಿನಲ್ಲಿ ಕುಳಿತು ಬರುತ್ತೇವೆ.

ಇನ್ನು ಕೆಲಸ. ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ, ಆಟ, ಊಟ ಎಂಬುದು ಎಲ್ಲರ ಕಣ್ಣಿಗೂ ಕಾಣುವ ಭಾಗ. ಮೂರು ವರ್ಷದೊಳಗಿನ ಕೂಸುಗಳನ್ನು ತಿಂಗಳಿಗೊಮ್ಮೆ ತೂಗಬೇಕು, ಎತ್ತರ ಅಳೆಯಬೇಕು. ಗರ್ಭಿಣಿ, ಬಾಣಂತಿಯರ ಊಟ ನೋಡಬೇಕು. ಲಸಿಕೆಯ ದಿನ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ತಿರುಗಬೇಕು. ಚುನಾವಣೆ ಬಂದರೆ ಮತಗಟ್ಟೆ ಮಟ್ಟದ ಅಧಿಕಾರಿಯೂ ನಾವೇ. ಯಾವ ಇಲಾಖೆಗೆ ಸಮೀಕ್ಷೆ ಬೇಕಾದರೂ ಮೊದಲು ಕಣ್ಣಿಗೆ ಬೀಳುವವರು ಅಂಗನವಾಡಿಯವರು. ಇವೆಲ್ಲ ಮುಗಿದ ಮೇಲೆ ರಾತ್ರಿ ಕುಳಿತು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ತುಂಬಬೇಕು.

ಆದರೂ ತಂಗಿ, ಬೇಡ ಎಂದು ನಾನು ಹೇಳುವುದಿಲ್ಲ. ಏನಕ್ಕೆ ಒಪ್ಪಿಕೊಳ್ಳುತ್ತಿದ್ದೀರಿ ಎಂಬುದು ಗೊತ್ತಿರಲಿ, ಅಷ್ಟೇ.

ಕರಿಕೋಟು, ಬೆಳಗಾವಿ
ಕಾನೂನಿನ ಮಾತು ಬಂದಿದ್ದರಿಂದ ಸ್ವಲ್ಪ ಸೇರಿಸುತ್ತೇನೆ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಅಮೀರಬಿ ಪ್ರಕರಣ. ಅಲ್ಲಿಂದ ಮುಂದೆ ಹಲವು ಹೈಕೋರ್ಟುಗಳಲ್ಲಿ ಆ ತೀರ್ಪು ಇವರಿಗೆ ಅಡ್ಡ ನಿಂತಿದೆ.

ಆದರೆ ಕಥೆ ಅಲ್ಲಿಗೇ ನಿಂತಿಲ್ಲ. 2013ರ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದ ಮೇಲೆಯೇ ಉಳಿಯಿತು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಉಪದಾನ ಕಾಯ್ದೆ ಅನ್ವಯಿಸುತ್ತದೆ ಎಂದಿತು. ನಾವು ಗ್ರಾಚ್ಯುಟಿ ಎನ್ನುವುದು ಇದನ್ನೇ. ಲೆಕ್ಕ ಸುಲಭ: ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಹನ್ನೆರಡು ಸಾವಿರದಂತೆ ಮೂವತ್ತು ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ಯಾವ ಕೆಲಸ ಹಿಡಿದರೂ ನೇಮಕಾತಿ ಆದೇಶ, ಹಾಜರಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ. ಇಪ್ಪತ್ತು ವರ್ಷ ದುಡಿದು ಸೇರಿದ ದಿನಾಂಕಕ್ಕೆ ಪುರಾವೆ ಇಲ್ಲದೆ ಬರುವವರನ್ನು ನೋಡಿ ನೋಡಿ ಸಾಕಾಗಿದೆ.

ಗುಮ್ಮಟನಗರಿ, ವಿಜಯಪುರ
ಅಷ್ಟು ಕಷ್ಟವಿದ್ದರೆ ಒಂದು ಹುದ್ದೆಗೆ ಅಷ್ಟೊಂದು ಅರ್ಜಿ ಏಕೆ ಬೀಳುತ್ತವೆ? ಎಂಎ ಓದಿದವರೂ ಸರದಿಯಲ್ಲಿ ನಿಂತಿರುತ್ತಾರೆ. ಇದಕ್ಕೆ ಯಾರಾದರೂ ಉತ್ತರ ಕೊಡಿ.

ಇಳಕಲ್ ಸೆರಗು
ಊರಿನಲ್ಲಿ ಓದಿದ ಹೆಣ್ಣುಮಗಳಿಗೆ ಬೇರೆ ಏನಿದೆ ಸರ್? ಹೊಲ, ಮಗ್ಗ, ಇಲ್ಲವೇ ಇದು.

ತಿಲಕವಾಡಿ ಟೀಚರ್, ಬೆಳಗಾವಿ
ಇನ್ನೊಂದು ದಡದ ಸುದ್ದಿ ನಾನು ಹೇಳುತ್ತೇನೆ. ಖಾಸಗಿ ಶಿಶುವಿಹಾರಗಳಲ್ಲಿ ಕೆಲಸ ಮಾಡುತ್ತ ಬಂದವಳು ನಾನು, ಒಂದೆರಡು ಕಡೆ ಬದಲಾಯಿಸಿಯೂ ಆಗಿದೆ. ಏಳು ಸಾವಿರ ಎಂದರೆ ವರ್ಷಕ್ಕೆ ಎಷ್ಟು ತಿಂಗಳು ಎಂದು ಮೊದಲು ಕೇಳಿ. ನಮ್ಮಲ್ಲಿ ಏಪ್ರಿಲ್ ಎರಡನೆಯ ವಾರದಿಂದ ಸಂಬಳ ನಿಂತುಬಿಡುತ್ತದೆ, ಜೂನ್‌ನಲ್ಲಿ ಮತ್ತೆ ಹೊಸದಾಗಿ ಸೇರಿದಂತೆ ಬರೆದುಕೊಳ್ಳುತ್ತಾರೆ. ನೇಮಕಾತಿ ಪತ್ರ ಕೊಡುವುದಿಲ್ಲ. ಭವಿಷ್ಯನಿಧಿ ಕೇಳಿದರೆ "ನೀವು ಅರೆಕಾಲಿಕ" ಎಂಬ ಉತ್ತರ ಸಿದ್ಧವಿರುತ್ತದೆ. ಬೆಳಿಗ್ಗೆ ವ್ಯಾನಿನಲ್ಲಿ ಮಕ್ಕಳ ಜೊತೆ ಬರಬೇಕು, ಮಧ್ಯಾಹ್ನ ಅವರನ್ನು ಬಿಟ್ಟು ಬರಬೇಕು. ನಡುವೆ ಎರಡೂವರೆ ವರ್ಷದ ಮೂವತ್ತು ಮಕ್ಕಳು, ನಾನೊಬ್ಬಳು, ಒಬ್ಬ ಆಯಾ. ಡಿಸೆಂಬರ್ ಬಂತೆಂದರೆ ಪಾಠವೇ ಇಲ್ಲ, ವಾರ್ಷಿಕೋತ್ಸವದ ಕುಣಿತ ಕಲಿಸುವುದೇ ಕೆಲಸ. ಫೆಬ್ರವರಿಯಿಂದ ಹೊಸ ಪ್ರವೇಶ ತರಲು ಮನೆ ಮನೆಗೆ ಕರಪತ್ರ ಹಂಚಬೇಕು.

ಮಗಳ ಶುಲ್ಕದ ರಿಯಾಯಿತಿ ಎಂಬುದು ನಿಮ್ಮನ್ನು ಕಟ್ಟಿಹಾಕುವ ಹಗ್ಗ. ಕೆಲಸ ಬಿಡುತ್ತೇನೆ ಎಂದ ದಿನ ಪೂರ್ತಿ ಶುಲ್ಕ ಕಟ್ಟಿ ಎನ್ನುತ್ತಾರೆ.

ಒಳ್ಳೆಯದೂ ಇದೆ, ಇಲ್ಲ ಎನ್ನುವುದಿಲ್ಲ. ನನಗೆ ಮಾಂಟೆಸ್ಸರಿ ಸಾಮಗ್ರಿ ಬಳಸುವುದನ್ನು ಕಲಿಸಿದ ಮುಖ್ಯ ಶಿಕ್ಷಕಿಯೊಬ್ಬರಿದ್ದರು. ಕೂಸು ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತಿರುವಾಗ ಕೈ ಹಾಕದೆ ಸುಮ್ಮನೆ ನೋಡುತ್ತ ಕುಳಿತುಕೊಳ್ಳುವುದು ಎಷ್ಟು ಕಠಿಣ ಎಂಬುದು ಅವರಿಂದ ತಿಳಿಯಿತು. ಆದರೆ ಅದು ಆ ಒಬ್ಬರ ಗುಣ, ಸಂಸ್ಥೆಯದಲ್ಲ. ಅವರು ಹೋದ ಮೇಲೆ ಸಾಮಗ್ರಿಯೆಲ್ಲ ಬೀರು ಸೇರಿತು.

ಬಾದಾಮಿ ಬಂಡೆ
ಎರಡೂವರೆ ವರ್ಷದ ಮಕ್ಕಳಿಗೆ ವ್ಯಾನು, ಟೈ, ಬೂಟು! ತಂದೆ ತಾಯಿಗಳದೇ ತಪ್ಪು ಇದು.

ತಿಲಕವಾಡಿ ಟೀಚರ್, ಬೆಳಗಾವಿ
ತಂದೆ ತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಕೂಸನ್ನು ಎಲ್ಲಿ ಬಿಡಬೇಕು ಎಂದು ನೀವೇ ಹೇಳಿ ಅಣ್ಣಾ. ಅಜ್ಜಿ ಊರಿನಲ್ಲಿ, ಇವರು ಉದ್ಯಮಬಾಗದ ಕಾರ್ಖಾನೆಯಲ್ಲಿ.

ನಿಪ್ಪಾಣಿ ಬೀಡಿ
ಈ ಪ್ರಶ್ನೆಗೆ ನಮ್ಮೂರಲ್ಲಿ ಉತ್ತರವೇ ಇಲ್ಲ. ನಮ್ಮ ಅವ್ವ ಬೀಡಿ ಕಟ್ಟಿ ನಮ್ಮನ್ನು ಬೆಳೆಸಿದಳು. ಬುಟ್ಟಿ ಒಂದು ತೊಡೆಯ ಮೇಲೆ, ತಮ್ಮ ಇನ್ನೊಂದು ತೊಡೆಯ ಮೇಲೆ. ಮನೆಯಲ್ಲಿ ಕುಳಿತು ಕಟ್ಟುವವರಿಗೆ ಶಿಶುಪಾಲನಾ ಕೇಂದ್ರ ಯಾವ ಕಾನೂನಿನಲ್ಲಿದೆ? ಕಾರ್ಖಾನೆಯವರಿಗಾದರೆ ಇದೆ ಎಂದು ಕೇಳಿದ್ದೇನೆ.

ಕರಿಕೋಟು, ಬೆಳಗಾವಿ
ಇದೆ. 2025ರ ನವೆಂಬರ್ ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 48ನೆಯ ಕಲಂ: ಮೂವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ, ಅದನ್ನು ನೋಡಿಕೊಳ್ಳಲು ಮಕ್ಕಳ ಆರೈಕೆಯಲ್ಲಿ ತರಬೇತಿ ಪಡೆದ ಹೆಂಗಸರು ಇರಬೇಕಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೂ ಇದು ಕಡ್ಡಾಯವಾಯಿತು, ಅಲ್ಲಿ ಗಂಡಸರೂ ಲೆಕ್ಕಕ್ಕೆ ಸೇರುತ್ತಾರೆ. ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿಕೊಂಡು ಬರುವ ಹಕ್ಕಿದೆ. ಮನೆಯಲ್ಲಿ ಬೀಡಿ ಕಟ್ಟುವವರು, ಕಬ್ಬು ಕಡಿಯುವವರು ಈ ಲೆಕ್ಕದಿಂದ ಜಾರಿಬಿಡುತ್ತಾರೆ.

ಘಟಪ್ರಭಾ ಗ್ಯಾಂಗ್
ಕಬ್ಬಿನ ಮಾತು ಬಂತು ಎಂದು ಬರೆಯುತ್ತಿದ್ದೇನೆ. ಹಂಗಾಮು ಶುರುವಾದರೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಮಹಾರಾಷ್ಟ್ರದಿಂದ ಗ್ಯಾಂಗುಗಳು ಬರುತ್ತವೆ, ವಿಜಯಪುರದ ತಾಂಡಾಗಳಿಂದ ಅತ್ತ ಹೋಗುತ್ತವೆ. ಗಂಡ ಹೆಂಡತಿ ಜೋಡಿಯಾಗಿ ಕಡಿಯಬೇಕು, ಲೆಕ್ಕವೇ ಹಾಗೆ. ಕೂಸುಗಳು ಗದ್ದೆಯ ಬದುವಿನಲ್ಲಿ, ಟ್ರಾಲಿಯ ನೆರಳಿನಲ್ಲಿ. ಅಲ್ಲಿಗೆ ಯಾವ ಅಕ್ಕಾವರೂ ಬರುವುದಿಲ್ಲ. ಅವರ ತಪ್ಪು ಎನ್ನುತ್ತಿಲ್ಲ, ಅವರ ಪಟ್ಟಿಯಲ್ಲಿ ಈ ಮಕ್ಕಳ ಹೆಸರೇ ಇರುವುದಿಲ್ಲ.

ಹುನಗುಂದದ ಅಕ್ಕಾವರು
ಸರಿಯಾಗಿ ಹೇಳಿದಿರಿ. ಇತ್ತ ನಮ್ಮ ಪಟ್ಟಿಯಲ್ಲಿರುವವರು ಅತ್ತ ಹೋಗಿರುತ್ತಾರೆ. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಮುಖದ ಚಿತ್ರ ತೆಗೆದು ಹೊಂದಿಸಬೇಕು. ಸೊಲ್ಲಾಪುರದ ಕಡೆ ಕಬ್ಬಿನಲ್ಲಿರುವ ತಾಯಿಯ ಮುಖವನ್ನು ನಾನು ಇಲ್ಲಿ ಎಲ್ಲಿಂದ ತರಲಿ? ಸಂಕೇತಸಂಖ್ಯೆ (ಒಟಿಪಿ) ಹೋಗುವ ಮೊಬೈಲ್ ಗಂಡನ ಜೇಬಿನಲ್ಲಿ, ಗಂಡ ಹೊಲದಲ್ಲಿ. ಊರಿನಲ್ಲಿಯೇ ಉಳಿದ ಅತ್ತೆ ಕೂಸನ್ನು ಎತ್ತಿಕೊಂಡು ಬಂದು "ಪುಷ್ಟಿ ಹಿಟ್ಟು ಕೊಡು" ಎಂದರೆ, ಕೂಸು ಎದುರಿಗೇ ಇದೆ, ಮೊಬೈಲ್ ಒಲ್ಲೆ ಎನ್ನುತ್ತದೆ. ಬೈಗುಳ ತಿನ್ನುವವಳು ನಾನು.

ಖಾನಾಪುರದ ಮಳೆ
ನಮ್ಮಲ್ಲಿ ಮುಖದ ಮಾತು ಹಾಗಿರಲಿ, ಮಳೆಗಾಲದಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗುವುದಿಲ್ಲ. ಗುಡ್ಡ ಹತ್ತಿ ನಿಂತು ಹಾಜರಿ ಹಾಕುವ ಅಕ್ಕಾವರನ್ನು ನಾನೇ ನೋಡಿದ್ದೇನೆ.

ಮೊಟ್ಟೆ ವಿರೋಧಿ ಅಲ್ಲ, ಬಾಗಲಕೋಟೆ
ಮೊಟ್ಟೆಯ ಕಥೆ ಯಾರೂ ಹೇಳಲಿಲ್ಲವಲ್ಲ!

ಹುನಗುಂದದ ಅಕ್ಕಾವರು
ಅದನ್ನು ಕೆದಕಬೇಡಿ, ರಕ್ತದೊತ್ತಡ ಏರುತ್ತದೆ. ಬಾಲವಿಕಾಸ ಸಮಿತಿಯ ಖಾತೆಗೆ ಹಣ ಬಂದ ಮೇಲೆ ಮೊಟ್ಟೆ ತರಬೇಕೆಂಬುದು ನಿಯಮ. ಮೊಟ್ಟೆ ಮೊದಲು, ಹಣ ಆಮೇಲೆ ಎಂಬುದು ರೂಢಿ. ಚಳಿಗಾಲದಲ್ಲಿ ದರ ಏರುತ್ತದೆ, ನಮಗೆ ಕೊಡುವ ದರ ಏರುವುದಿಲ್ಲ. ಅಂಗಡಿಯವನ ಉದ್ದರಿ ಪುಸ್ತಕದಲ್ಲಿ ಸರ್ಕಾರದ ಹೆಸರಿಲ್ಲ, ನನ್ನ ಹೆಸರಿದೆ.

ಗುಮ್ಮಟನಗರಿ, ವಿಜಯಪುರ
ನಮ್ಮ ಓಣಿಯಲ್ಲಿ ಮೊಟ್ಟೆಯೇ ಬೇಡ ಎಂದು ಕೆಲವರು, ಮೊಟ್ಟೆ ಸಣ್ಣದು ಎಂದು ಕೆಲವರು ಜಗಳ ಮಾಡುತ್ತಾರೆ. ಒಮ್ಮೆ ಒಬ್ಬರು ಬಾಳೆಹಣ್ಣು ಕೊಡಿ ಎಂದು ಬಂದಾಗ ಅಕ್ಕಾವರು "ಹಣ್ಣಿನ ಗಾಡಿ ನಿಮ್ಮ ಮಾವನದೇ ಅಲ್ಲವೇ?" ಎಂದು ಕೇಳಿದ್ದರು. ಆ ಬೀದಿಯಲ್ಲಿ ಮತ್ತೆ ಯಾರೂ ಬಾಯಿ ಬಿಡಲಿಲ್ಲ.

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ಮೊಟ್ಟೆ ಬಿಡಿ, ಹುಡುಗಿ ತರಬೇತಿಯ ಬಗ್ಗೆ ಕೇಳಿದ್ದಾಳೆ. ಯಾರೂ ಹೇಳಿಲ್ಲ.

ಈ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಆಗ ಎಸ್ಸೆಸ್ಸೆಲ್ಸಿ ಆದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ ನೂರು. ಊರಿನಲ್ಲಿ ಓದು ಬರಹ ಬಲ್ಲ ಹೆಣ್ಣುಮಗಳು ಒಂದಿಷ್ಟು ಹೊತ್ತು ಸೇವೆ ಮಾಡುತ್ತಾಳೆ ಎಂಬ ಕಲ್ಪನೆಯಿಂದ ಹುಟ್ಟಿದ್ದು ಇದು. ಕೆಲಸ ಹತ್ತು ಪಟ್ಟು ಬೆಳೆಯಿತು, ಕಲ್ಪನೆ ಮಾತ್ರ ಅಲ್ಲಿಯೇ ಉಳಿಯಿತು. ಗೌರವಧನ ಎಂಬ ಏರ್ಪಾಡು ಇಂದಿಗೂ ಅದಕ್ಕೇ ಅಂಟಿಕೊಂಡಿದೆ.

ನಾನಿದ್ದ ಕಾಲದಲ್ಲಿ ಹೊಸದಾಗಿ ಸೇರಿದವರನ್ನು ತರಬೇತಿ ಕೇಂದ್ರದಲ್ಲಿ ಸುಮಾರು ಒಂದು ತಿಂಗಳು ಉಳಿಸಿಕೊಂಡು ಕಲಿಸುತ್ತಿದ್ದರು. ತೂಕದ ಪಟ್ಟಿಯ ಗೆರೆ ಕೆಳಗಿಳಿದರೆ ಏನು ಮಾಡಬೇಕು, ತೋಳಿನ ಸುತ್ತಳತೆ ಅಳೆಯುವುದು ಹೇಗೆ, ಮಾತು ತಡವಾದ ಕೂಸನ್ನು ಗುರುತಿಸುವುದು ಹೇಗೆ, ಚಿಲಿಪಿಲಿ ಪುಸ್ತಕದ ವಿಷಯವನ್ನು ವಾರವಿಡೀ ಆಟದಲ್ಲಿ ಹೇಗೆ ತರಬೇಕು, ಎಲ್ಲವನ್ನೂ ಕೈಯಲ್ಲಿ ಮಾಡಿಸುತ್ತಿದ್ದರು. ಮನೆ ಬಿಟ್ಟು ಒಂದು ದಿನವೂ ಹೊರಗೆ ಮಲಗದ ಹೆಣ್ಣುಮಕ್ಕಳು ಅಲ್ಲಿ ನಾಟಕ ಆಡುತ್ತಿದ್ದರು, ಜಗಳ ಆಡುತ್ತಿದ್ದರು, ಹಿಂದಿರುಗುವಾಗ ಬೇರೆಯೇ ಆಗಿರುತ್ತಿದ್ದರು. ಈಗ 2023ರಲ್ಲಿ ಶುರುವಾದ "ಪೋಷಣ್ ಭೀ ಪಢಾಯಿ ಭೀ" ಎಂಬುದರಲ್ಲಿ ಮೂರು ದಿನದ ತರಬೇತಿ. ಅದರ ಪಠ್ಯ ಕೆಟ್ಟದ್ದಲ್ಲ. ಮೂರು ವರ್ಷದೊಳಗಿನವರಿಗೆ ನವಚೇತನ, ಮೂರರಿಂದ ಆರರವರಿಗೆ ಆಧಾರಶಿಲಾ ಎಂದು 2024ರಲ್ಲಿ ತಂದರು. ಬಹಳ ಚಿಕ್ಕ ಕೂಸಿನ ಜೊತೆ ಮಾತನಾಡುವುದು, ಆಡುವುದೂ ಕೆಲಸವೇ ಎಂದು ಅದರಲ್ಲಿ ಬರೆದಿದ್ದಾರೆ, ಅದು ನನಗೆ ಸಂತೋಷ. ಆದರೆ ಮೂರು ದಿನದಲ್ಲಿ ಅರ್ಧ ದಿನ ಉದ್ಘಾಟನೆಗೆ, ಅರ್ಧ ದಿನ ಮೊಬೈಲಿಗೆ ಹೋಗುತ್ತದೆ.

ಡೋಣಿದಂಡೆಯವರಿಗೆ ನನ್ನ ಮಾತು: ಆಯ್ಕೆಗೆ ಪಿಯುಸಿ ಸಾಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ವಯಸ್ಸು 19ರಿಂದ 35. ಅದೇ ಊರಿನ ನಿವಾಸಿಯಾಗಿರಬೇಕು. ಆಯ್ಕೆ ಅಂಕಗಳ ಮೇಲೆ. ಪ್ರಾಥಮಿಕಪೂರ್ವ ಶಿಕ್ಷಣದ ತರಬೇತಿ ಪಡೆದವರಿಗೆ ಹೆಚ್ಚುವರಿ ಅಂಕ ಸಿಗುತ್ತದೆ, ವಿಧವೆಯರಿಗೂ ವಿಚ್ಛೇದಿತೆಯರಿಗೂ ಸಿಗುತ್ತದೆ. ಮೇಲ್ವಿಚಾರಕಿ ಆಗಬೇಕಾದರೆ ಪದವಿ ಬೇಕು, ನಿಮಗೆ ಅದು ಇದೆ. ಕಾರ್ಯಕರ್ತೆಯರಿಗೆಂದು ಆ ಹುದ್ದೆಗಳಲ್ಲಿ ಪಾಲು ಇಟ್ಟಿರುತ್ತಾರೆ. ದಾರಿ ಕಿರಿದು, ಮುಚ್ಚಿಲ್ಲ. ಅತ್ತೆಯವರಿಗೆ ಹೇಳಿ, ಬಿಎ ವ್ಯರ್ಥವಾಗುವುದಿಲ್ಲ ಎಂದು.

ಯಾರಾದರೂ "ನಾನು ಮಾಡಿಸಿಕೊಡುತ್ತೇನೆ, ಇಷ್ಟು ಕೊಡು" ಎಂದು ಬಂದರೆ ಬಾಗಿಲು ಹಾಕಿ. ಅಂಕಪಟ್ಟಿಗೆ ಮಧ್ಯವರ್ತಿ ಬೇಕಿಲ್ಲ.

ಬಿಎಡ್ ಬೇಗುದಿ, ಸಿಂದಗಿ
ನನ್ನದೊಂದು ಪ್ರಶ್ನೆ. ನನಗೆ ಚಿಕ್ಕ ಮಕ್ಕಳಿಗೆ ಕಲಿಸುವುದು ಇಷ್ಟ. ಗಂಡಸರಿಗೆ ಈ ಕ್ಷೇತ್ರದಲ್ಲಿ ಜಾಗವಿದೆಯೇ?

ತಿಲಕವಾಡಿ ಟೀಚರ್, ಬೆಳಗಾವಿ
ಅಂಗನವಾಡಿಯಲ್ಲಿ ಇಲ್ಲ. ಖಾಸಗಿಯಲ್ಲಿ ವ್ಯಾನ್ ಚಾಲಕ ಮತ್ತು ಮಾಲೀಕ, ಈ ಎರಡೇ ಹುದ್ದೆ ಗಂಡಸರಿಗೆ.

ಬಿಎಡ್ ಬೇಗುದಿ, ಸಿಂದಗಿ
ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ ಮೇಡಂ.

ಮಲಪ್ರಭಾ ಮಾಸ್ತರ, ಸವದತ್ತಿ
ಸರ್ಕಾರಿ ಶಾಲೆಯ ಮಾಸ್ತರನಾಗಿ ಒಂದು ಕಹಿ ಮಾತು. ಪಾಲಕರಿಗೆ ಎಲ್‌ಕೆಜಿ ಬೇಕು. ಅಂಗನವಾಡಿಗೆ ಕೂಸನ್ನು ಕಳಿಸುವವರು, ಬೇರೆ ಗತಿ ಇಲ್ಲದವರು ಎಂಬ ಭಾವನೆ ಬಂದುಬಿಟ್ಟಿದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ 2024ರಲ್ಲಿ ಅಂಗನವಾಡಿಯವರು ಬೀದಿಗಿಳಿದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ಹೇಗಿದ್ದರೂ ಖಾಸಗಿಯವರ ಪಾಲಾಗುತ್ತಿದ್ದಾರಲ್ಲ? ನಮ್ಮ ಶಾಲೆಯಲ್ಲಿಯೇ ಒಂದು ಕೊಠಡಿ ತೆರೆದರೆ ಕನ್ನಡ ಶಾಲೆಯೂ ಉಳಿಯುತ್ತದೆ.

ಹುನಗುಂದದ ಅಕ್ಕಾವರು
ಮಾಸ್ತರರೇ, ನಿಮ್ಮ ಕೊಠಡಿಗೆ ಕೂಸು ಬಂದರೆ ಅದರ ತೂಕ ಯಾರು ನೋಡುತ್ತಾರೆ? ನಮ್ಮಲ್ಲಿ ಮೂರು ವರ್ಷ ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ "ಹಾಜರಾತಿ ಇಲ್ಲ, ಕೇಂದ್ರ ಮುಚ್ಚಿ" ಎನ್ನುವ ದಿನ ದೂರವಿಲ್ಲ. ಎಲ್‌ಕೆಜಿ ಬೇಕಾದರೆ ನಮ್ಮಲ್ಲಿಯೇ ಮಾಡಿ, ನಮಗೇ ತರಬೇತಿ ಕೊಡಿ ಎಂದು ಕೇಳಿದೆವು. ಆ ವರ್ಷವೇ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಮಾಡಿದರು. ಹಾಗೆ ಮಾಡಲು ಬರುತ್ತದೆ ಎಂದಾಯಿತಲ್ಲ?

ಮಲಪ್ರಭಾ ಮಾಸ್ತರ, ಸವದತ್ತಿ
ಫಲಕ ಬದಲಾದರೆ ಸಾಲದು ಅಕ್ಕಾವರೇ. ಅರ್ಧ ಕೇಂದ್ರಗಳು ಇನ್ನೂ ಬಾಡಿಗೆ ಕೋಣೆಯಲ್ಲಿವೆ.

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ಅರ್ಧ ಎನ್ನುವುದು ಅತಿಯಾಯಿತು. ಹಳ್ಳಿಗಳಲ್ಲಿ ಬಹುತೇಕ ಸ್ವಂತ ಕಟ್ಟಡಗಳಿವೆ. ಪಟ್ಟಣದ ಓಣಿಗಳ ಪಾಡು ಮಾತ್ರ ನೀವು ಹೇಳಿದಂತೆಯೇ. ಬಾಡಿಗೆ ತಡವಾದರೆ ಮನೆ ಮಾಲೀಕ ಬಂದು ನಿಲ್ಲುವುದು ಕಾರ್ಯಕರ್ತೆಯ ಮುಂದೆ.

ಖಾನಾಪುರದ ಮಳೆ
ನಮ್ಮ ಕಡೆ ಇನ್ನೊಂದು ಸಮಸ್ಯೆ. ಮಕ್ಕಳ ಮನೆಮಾತು ಮರಾಠಿ, ಅಕ್ಕಾವರ ಪುಸ್ತಕ ಕನ್ನಡ, ಪಾಲಕರ ಆಸೆ ಇಂಗ್ಲಿಷ್. ನಮ್ಮ ಅಕ್ಕಾವರು ಮರಾಠಿಯಲ್ಲಿ ಸಮಾಧಾನ ಮಾಡಿ ಕನ್ನಡದಲ್ಲಿ ಹಾಡು ಕಲಿಸುತ್ತಾರೆ. ಜೂನ್‌ನಲ್ಲಿ ಅಳುತ್ತ ಬಂದ ಕೂಸು ದೀಪಾವಳಿಯ ಹೊತ್ತಿಗೆ ಎರಡರಲ್ಲೂ ಜಗಳವಾಡುತ್ತದೆ. ಇಂಥ ಕೌಶಲಕ್ಕೆ ಯಾವ ತರಬೇತಿಯಲ್ಲಿ ಅಂಕವಿದೆ?

ಗಡಿನಾಡು, ಚಿಕ್ಕೋಡಿ
ಮರಾಠಿ ಏಕೆ ಬೇಕು? ಕರ್ನಾಟಕದಲ್ಲಿ ಕನ್ನಡದಲ್ಲಿಯೇ ಕಲಿಸಲಿ.

ಖಾನಾಪುರದ ಮಳೆ
ಮೂರು ವರ್ಷದ ಕೂಸು ಹೊಟ್ಟೆನೋವು ಎಂದು ಮರಾಠಿಯಲ್ಲಿ ಅಳುತ್ತಿದ್ದರೆ, ಕನ್ನಡದಲ್ಲಿ ಅಳು ಎನ್ನಬೇಕೇ?

ಗಡಿನಾಡು, ಚಿಕ್ಕೋಡಿ
ನಾನು ಹೇಳಿದ್ದು ಪಾಠದ ಬಗ್ಗೆ.

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ಈ ಜಗಳಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ ಇಬ್ಬರೂ.

ಬನಶಂಕರಿ ಜಾತ್ರೆ, ಬಾದಾಮಿ ತಾಲ್ಲೂಕು
ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳ ಬಗ್ಗೆ ಯಾರೂ ಬರೆದಿಲ್ಲ, ನಾನು ಅಲ್ಲಿ ಆರೈಕೆದಾರಳಾಗಿದ್ದೆ. 2023ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ್ದು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಕೂಸುಗಳನ್ನು ನೋಡಿಕೊಳ್ಳುವುದು. ನಮಗೂ ಉದ್ಯೋಗ ಖಾತರಿಯ ಕೂಲಿಯೇ. 2025ರ ಏಪ್ರಿಲ್‌ನಿಂದ ದಿನಕ್ಕೆ 370 ರೂಪಾಯಿ ಇತ್ತು. ಅಂಗನವಾಡಿಯವರ ದಿನದ ಲೆಕ್ಕ ಹಾಕಿದರೆ ನಮ್ಮ ಕೂಲಿ ತುಸು ಕಡಿಮೆ, ಅಷ್ಟೇ. ಆದರೆ ಆಗ ಜಾಬ್ ಕಾರ್ಡಿಗೆ ವರ್ಷಕ್ಕೆ ನೂರು ದಿನ. ನೂರು ದಿನವಾದರೆ ವರ್ಷಕ್ಕೆ 37 ಸಾವಿರ, ಆಮೇಲೆ ಇನ್ನೊಬ್ಬಳ ಸರದಿ.

ಹಣಕ್ಕಿಂತ ದೊಡ್ಡ ತೊಂದರೆ ಕೂಸುಗಳದು. ಎಂಟು ತಿಂಗಳ ಕೂಸು ನನ್ನ ಮುಖಕ್ಕೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ಹೊಂದಿಕೊಂಡ ಮೇಲೆ ನನ್ನ ದಿನಗಳು ಮುಗಿಯುತ್ತವೆ, ಹೊಸಬಳು ಬರುತ್ತಾಳೆ, ಕೂಸು ಮತ್ತೆ ಮೊದಲಿನಿಂದ ಅಳಲು ಶುರು ಮಾಡುತ್ತದೆ. ನಮಗೆ ಏಳು ದಿನದ ತರಬೇತಿಯಲ್ಲಿ "ಕೂಸಿಗೆ ನಂಬಿಕೆಯ ಮುಖ ಒಂದೇ ಇರಬೇಕು" ಎಂದು ಹೇಳಿದ್ದರು. ಯೋಜನೆ ಬರೆದವರು ಆ ತರಬೇತಿಗೆ ಬಂದಿರಲಿಲ್ಲ ಎಂದು ಕಾಣುತ್ತದೆ.

ಗುಮ್ಮಟನಗರಿ, ವಿಜಯಪುರ
ಇದು ಸರಿಯಾದ ಮಾತು. ರಸ್ತೆ ಅಗೆಯುವುದಕ್ಕೂ ಕೂಸು ನೋಡುವುದಕ್ಕೂ ಒಂದೇ ನೂರು ದಿನದ ಲೆಕ್ಕ ಹಾಕಿದರೆ ಹೀಗೆಯೇ ಆಗುವುದು.

ಹುನಗುಂದದ ಅಕ್ಕಾವರು
ಅಣ್ಣನವರು ದಾರಿಗೆ ಬಂದರು!

ಗುಮ್ಮಟನಗರಿ, ವಿಜಯಪುರ
ಅಂಗನವಾಡಿ ವಿಷಯದಲ್ಲಿ ನನ್ನ ಮಾತು ಮೊದಲಿನದೇ. ಏಳು ಸಾವಿರಕ್ಕಿಂತ ಹನ್ನೆರಡು ಸಾವಿರ ದೊಡ್ಡದು.

ಡೋಣಿದಂಡೆ, ತಾಳಿಕೋಟೆ
ಎಲ್ಲರಿಗೂ ವಂದನೆ. ಇಷ್ಟೊಂದು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ನರ್ಸರಿಯವರಿಗೆ ಫೋನ್ ಮಾಡಿ ಎಷ್ಟು ತಿಂಗಳ ಸಂಬಳ ಎಂದು ಕೇಳಿದೆ. "ಮೊದಲು ಸೇರಿರಿ, ಆಮೇಲೆ ಮಾತನಾಡೋಣ" ಎಂದರು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಿದ್ದೇನೆ. ಅರ್ಜಿ ಕರೆಯುವುದಕ್ಕೆ ಇನ್ನೂ ಸಮಯವಿದೆ. ಅಷ್ಟರಲ್ಲಿ ಆ ಹೆಚ್ಚುವರಿ ಅಂಕದ ತರಬೇತಿ ಮಾಡಿಕೊಳ್ಳಬಹುದೇ? ಮನೆಯಲ್ಲಿದ್ದು ಓದುವಂಥದ್ದು ಯಾವುದಿದೆ?

ತಿಲಕವಾಡಿ ಟೀಚರ್, ಬೆಳಗಾವಿ
ಇಗ್ನೊ ವಿಶ್ವವಿದ್ಯಾಲಯದಲ್ಲಿ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ದೂರಶಿಕ್ಷಣ, ಪಿಯುಸಿ ಆದವರಿಗೆ. ಅವರ ಪ್ರಾದೇಶಿಕ ಕೇಂದ್ರ ನಿಮ್ಮ ವಿಜಯಪುರದಲ್ಲಿಯೇ ಇದೆ. ಯಾವ ಭಾಷೆಯಲ್ಲಿ ಪುಸ್ತಕ ಕೊಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಫಲಕ ಹಾಕಿಕೊಂಡು "ಆರು ತಿಂಗಳಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ" ಎನ್ನುವವರ ಹತ್ತಿರ ಹೋಗಬೇಡಿ. ಹಣ ಕಟ್ಟುವ ಮೊದಲು ಆ ಪ್ರಮಾಣಪತ್ರ ನಡೆಯುತ್ತದೆಯೇ ಎಂದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಮಲಪ್ರಭಾ ಮಾಸ್ತರ, ಸವದತ್ತಿ
ಈಗ ಪಿಯುಸಿ ವಿಜ್ಞಾನ ಓದುತ್ತಿರುವ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನದ ನಾಲ್ಕು ವರ್ಷದ ಪದವಿ ಇದೆ, ಹಿಂದೆ ಗೃಹವಿಜ್ಞಾನ ಎನ್ನುತ್ತಿದ್ದರು. ಅದರಲ್ಲಿ ಮಕ್ಕಳ ಬೆಳವಣಿಗೆಯೇ ಒಂದು ವಿಭಾಗ. ಅಧಿಕಾರಿ ಹುದ್ದೆಗೆ ಹೋಗಬೇಕೆನ್ನುವವರಿಗೆ ಒಳ್ಳೆಯ ದಾರಿ.

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ವಾಸಸ್ಥಳದ ದೃಢೀಕರಣ ಪತ್ರವನ್ನು ಈಗಲೇ ನಾಡಕಚೇರಿಯಲ್ಲಿ ಮಾಡಿಸಿಡಿ. ಗಂಡನ ಊರಿನ ವಿಳಾಸವೇ ಇರಬೇಕು. ಆಧಾರ್‌ನಲ್ಲಿ ತವರಿನ ವಿಳಾಸ ಉಳಿದಿದ್ದರೆ ಅದನ್ನೂ ತಿದ್ದಿಸಿ. ಅಂಕ ಇದ್ದೂ ವಿಳಾಸಕ್ಕೆ ಸೋತವರು ಬಹಳ ಜನ.

ಹುನಗುಂದದ ಅಕ್ಕಾವರು
ಆಯ್ಕೆಯಾದರೆ ಇದನ್ನು ಮರೆಯಬೇಡಿ. ಪ್ರಭಾರ ತೆಗೆದುಕೊಳ್ಳುವ ದಿನ ದಾಸ್ತಾನು ಪುಸ್ತಕ ಹಿಡಿದು ಒಂದೊಂದನ್ನೂ ಎಣಿಸಿ: ಅಕ್ಕಿ, ಬೇಳೆ, ಹಾಲಿನ ಪುಡಿ, ತೂಕದ ಯಂತ್ರ, ಗ್ಯಾಸ್ ಸಿಲಿಂಡರ್, ಪಾತ್ರೆ. ಮೊಟ್ಟೆಯ ಬಾಕಿ ಎಷ್ಟಿದೆ, ಯಾವ ತಿಂಗಳದು ಎಂದು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಹಳೆಯ ಅಕ್ಕಾವರು ಎಷ್ಟೇ ಒಳ್ಳೆಯವರಾಗಿರಲಿ, ಸಹಿ ಬೇಕೇ ಬೇಕು. ಸಹಾಯಕಿಯ ಜೊತೆ ಮೊದಲ ದಿನದಿಂದಲೇ ಹೊಂದಿಕೊಂಡು ಹೋಗಿ. ಊರಿನ ಯಾವ ಮನೆಯಲ್ಲಿ ಯಾರು ಗರ್ಭಿಣಿ ಎಂಬುದು ನಿಮ್ಮ ಮೊಬೈಲಿಗಿಂತ ಮೊದಲು ಅವಳಿಗೆ ತಿಳಿದಿರುತ್ತದೆ.

ಇಳಕಲ್ ಸೆರಗು
ನನ್ನ ನಾದಿನಿ ಒಂಬತ್ತನೆಯ ತರಗತಿಗೆ ಬಿಟ್ಟಿದ್ದಾಳೆ. ಸಹಾಯಕಿ ಹುದ್ದೆಗೆ ಹಾಕಬಹುದೇ?

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ಮೇಲೆಯೇ ಬರೆದಿದ್ದೇನಲ್ಲ ತಾಯಿ, ಎಸ್ಸೆಸ್ಸೆಲ್ಸಿ ಬೇಕು. ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ. ವಯಸ್ಸು ಎಷ್ಟು ಅವಳಿಗೆ?

ಇಳಕಲ್ ಸೆರಗು
ಇಪ್ಪತ್ತೆರಡು.

ನಿವೃತ್ತ ಮೇಲ್ವಿಚಾರಕಿ, ಜಮಖಂಡಿ
ಹಾಗಾದರೆ ಬೇಕಾದಷ್ಟು ಕಾಲವಿದೆ. ಹತ್ತಿರದ ಪ್ರೌಢಶಾಲೆಯಲ್ಲಿ ಅರ್ಜಿಯ ಕೊನೆಯ ದಿನಾಂಕ ಕೇಳಿಕೊಂಡು ಬನ್ನಿ. ಗಣಿತಕ್ಕೆ ಹೆದರಿದರೆ ಮಲಪ್ರಭಾ ಮಾಸ್ತರರು ಇಲ್ಲಿಯೇ ಇದ್ದಾರೆ.

ಮಲಪ್ರಭಾ ಮಾಸ್ತರ, ಸವದತ್ತಿ
ನಾನು ಹೇಳಿಕೊಡುವುದು ಸಮಾಜ ವಿಜ್ಞಾನ.